ಬೋಧಕರ ಬದುಕು ಮತ್ತು ಮಕ್ಕಳ ಅಕ್ಷರ: ರಾಯಚೂರಿನ ನೆಲದಲ್ಲಿ ನಿಂತು ಒಂದು ಚಾರಿತ್ರಿಕ ಅವಲೋಕನ

ಮೂರನೆಯ ತರಗತಿಯ ಮಗುವೊಂದು ತನ್ನ ಕನ್ನಡ ಪುಸ್ತಕದ ಒಂದು ಸಾಲನ್ನು ಓದಲಾರದೆ ತಡವರಿಸಿದಾಗ ನಮ್ಮ ಬಾಯಿಂದ ಮೊದಲು ಹೊರಡುವುದು ಶಿಕ್ಷಕರ ಮೇಲಿನ ದೂರು. ಮಾಸ್ತರರು ಶಾಲೆಗೆ ತಡವಾಗಿ ಬರುತ್ತಾರೆ, ಬೇಗ ಹೊರಡುತ್ತಾರೆ, ಪಾಠದಲ್ಲಿ ಮನಸ್ಸಿಡುವುದಿಲ್ಲ ಎಂದು ನಾವು ಹೇಳುತ್ತೇವೆ. ಈ ದೂರು ಎಲ್ಲ ಸಂದರ್ಭಗಳಲ್ಲೂ ಸುಳ್ಳಲ್ಲ. ಆದರೆ ಆ ಮಾಸ್ತರರು ನಿನ್ನೆ ರಾತ್ರಿ ಎಲ್ಲಿ ತಂಗಿದ್ದರು, ಶಾಲೆ ತಲುಪಲು ಎಷ್ಟು ಬಸ್ಸುಗಳನ್ನು ಬದಲಿಸಿದರು, ಅವರ ಹಿಂದಿನ ತಿಂಗಳ ಗೌರವಧನ ಕೈಸೇರಿದೆಯೇ ಎಂಬ ಪ್ರಶ್ನೆಗಳನ್ನು ನಾವು ಕೇಳುವುದು ತೀರಾ ವಿರಳ. ಬೋಧಕರ ಬದುಕು ಬೇರೆ, ಮಗುವಿನ ಕಲಿಕೆ ಬೇರೆ ಎಂದು ನಾವು ಭಾವಿಸಿದ್ದೇವೆ. ಚರಿತ್ರೆ ಹಾಗೆ ಹೇಳುವುದಿಲ್ಲ.

ಬೋಧಕರ ಕ್ಷೇಮ ಎಂದಾಗ ಕೇವಲ ಸಂಬಳದ ಮೊತ್ತವನ್ನು ಉದ್ದೇಶಿಸುತ್ತಿಲ್ಲ. ವೇತನ ನಿಗದಿತ ದಿನ ಕೈಸೇರುವುದು, ಶಾಲೆಯ ಸಮೀಪ ವಾಸಕ್ಕೆ ಯೋಗ್ಯವಾದ ಮನೆ ದೊರೆಯುವುದು, ಕಾಯಿಲೆ ಬಿದ್ದಾಗ ರಜೆ ಸಿಗುವುದು, ಮುಪ್ಪಿನಲ್ಲಿ ಆಧಾರವಿರುವುದು, ಪಾಠವಲ್ಲದ ಕೆಲಸಗಳ ಹೊರೆ ಕಡಿಮೆಯಾಗುವುದು, ಊರಿನವರ ಗೌರವ ಲಭಿಸುವುದು ಇವೆಲ್ಲವೂ ಕ್ಷೇಮದ ಅಂಗಗಳೇ ಆಗಿವೆ. ಈ ಅರ್ಥದಲ್ಲಿಯೇ ನಮ್ಮ ಪೂರ್ವಿಕರು ಈ ವಿಷಯವನ್ನು ಚಿಂತಿಸಿದ್ದರು.

ಮದೀನಾದಿಂದ ಕೈರವಾನ್‌ವರೆಗೆ

ಹಿಜರಿ 2ನೆಯ ವರ್ಷ, ಅಂದರೆ ಕ್ರಿ.ಶ. 624ರಲ್ಲಿ ನಡೆದ ಬದ್ರ್ ಯುದ್ಧದ ಬಳಿಕ, ವಿಮೋಚನಾ ಧನ ನೀಡಲು ಶಕ್ತರಲ್ಲದ ಅಕ್ಷರಸ್ಥ ಕೈದಿಗಳಿಗೆ ಮದೀನಾದ ಹತ್ತು ಮಕ್ಕಳಿಗೆ ಓದು ಬರಹ ಕಲಿಸಿ ಬಿಡುಗಡೆ ಹೊಂದುವ ಅವಕಾಶವನ್ನು ಪ್ರವಾದಿ ಮುಹಮ್ಮದ್(ಸ)ರು ನೀಡಿದರೆಂಬುದು ನಮ್ಮಲ್ಲಿ ಎಲ್ಲರೂ ಬಲ್ಲ ಘಟನೆ. ವಿದ್ಯೆಯ ಮಹತ್ವವನ್ನು ಸಾರಲು ನಾವು ಇದನ್ನು ಮತ್ತೆ ಮತ್ತೆ ಉಲ್ಲೇಖಿಸುತ್ತೇವೆ. ಆದರೆ ಇದರಲ್ಲಿ ಇನ್ನೊಂದು ಪಾಠವೂ ಇದೆ. ಶತ್ರು ಪಾಳಯದ ಕೈದಿಯಿಂದಲೂ ಪಾಠವನ್ನು ಬಿಟ್ಟಿಯಾಗಿ ಪಡೆಯಲಿಲ್ಲ. ಅಕ್ಷರ ಕಲಿಸುವ ಶ್ರಮಕ್ಕೆ ಬೆಲೆ ಕಟ್ಟಲಾಯಿತು, ಆ ಬೆಲೆ ಒಬ್ಬ ಮನುಷ್ಯನ ಸ್ವಾತಂತ್ರ್ಯಕ್ಕೆ ಸಮವಾಗಿತ್ತು.

ದ್ವಿತೀಯ ಖಲೀಫ ಉಮರ್(ರ)ರ ಕಾಲದಲ್ಲಿ ಮದೀನಾದಲ್ಲಿ ಮಕ್ಕಳಿಗೆ ಕಲಿಸುತ್ತಿದ್ದ ಮೂವರು ಬೋಧಕರಿಗೆ ತಿಂಗಳಿಗೆ ತಲಾ 15 ದಿರ್ಹಮ್ ನೀಡಲಾಗುತ್ತಿತ್ತೆಂಬ ವರದಿಯಿದೆ. ಮೊತ್ತಕ್ಕಿಂತ ಇಲ್ಲಿ ಗಮನಾರ್ಹವಾದುದು ತಿಂಗಳಿಗೊಮ್ಮೆ ಎಂಬ ಅವಧಿ. ನಾಳೆಯ ಊಟದ ಬಗ್ಗೆ ನಿಶ್ಚಿಂತೆಯಿರುವ ಬೋಧಕನೇ ಇಂದಿನ ಪಾಠದಲ್ಲಿ ಮನಸ್ಸಿಡಬಲ್ಲನು.

ಮುಂದೆ ಇಂದಿನ ಟ್ಯುನೀಶಿಯಾದ ಕೈರವಾನ್ ನಗರದಲ್ಲಿ ಬಾಳಿದ ಇಬ್ನ್ ಸಹನೂನ್ (ಮರಣ ಕ್ರಿ.ಶ. 870) ಮಕ್ಕಳ ಬೋಧಕರ ನಡವಳಿಕೆಯ ಬಗ್ಗೆಯೇ ಪ್ರತ್ಯೇಕ ಗ್ರಂಥವೊಂದನ್ನು ಬರೆದರು. ವೇತನ ಪಡೆದು ಕಲಿಸುವ ಬೋಧಕನು ಮಕ್ಕಳನ್ನು ಬಿಟ್ಟು ಬೇರೆ ಕೆಲಸಗಳಲ್ಲಿ ತೊಡಗಬಾರದು, ಅವರನ್ನು ತನ್ನ ಸ್ವಂತ ಕೆಲಸಗಳಿಗೆ ಅಟ್ಟಬಾರದು ಎಂದು ಅವರು ವಿಧಿಸುತ್ತಾರೆ. ಜನಾಝಾದಲ್ಲಿ ಭಾಗವಹಿಸುವಂತಹ ಪುಣ್ಯಕಾರ್ಯಕ್ಕೂ ಪಾಠವನ್ನು ನಿಲ್ಲಿಸಿ ಹೋಗುವುದನ್ನು ಅವರು ಒಪ್ಪುವುದಿಲ್ಲ. ಏಕೆಂದರೆ ಆ ಹೊತ್ತು ಮಕ್ಕಳದು. ಅದೇ ನಗರದ ಅಲ್ ಖಾಬಿಸಿ (ಮರಣ ಕ್ರಿ.ಶ. 1012) ವೇತನದ ಪ್ರಶ್ನೆಯನ್ನು ನೇರವಾಗಿ ಎತ್ತಿಕೊಂಡರು. ಜನರಿಗೆ ಜೀವನೋಪಾಯದ ಅಗತ್ಯವಿದೆ, ಬೋಧಕರಿಗೆ ವೇತನವಿಲ್ಲದಿದ್ದರೆ ಕಲಿಸುವವರೇ ಇಲ್ಲವಾಗಿ ಮಕ್ಕಳು ಕುರ್‌ಆನ್ ಕಲಿಯದೆ ಬೆಳೆಯುತ್ತಾರೆ ಎಂಬುದು ಅವರ ವಾದವಾಗಿತ್ತು.

ನಮ್ಮ ಪ್ರದೇಶದ ಬಹುತೇಕ ಮುಸ್ಲಿಮರು ಅನುಸರಿಸುವ ಹನಫೀ ಮದ್‌ಹಬ್‌ನ ಚರಿತ್ರೆ ಇನ್ನಷ್ಟು ಸ್ಪಷ್ಟವಾದ ಪಾಠವನ್ನು ನೀಡುತ್ತದೆ. ಇಮಾಮ್ ಅಬೂಹನೀಫಾ(ರಹ್ಮತುಲ್ಲಾಹಿ ಅಲೈಹಿ) ಮತ್ತು ಅವರ ಶಿಷ್ಯರು ಕುರ್‌ಆನ್ ಬೋಧನೆಗೆ ವೇತನ ಪಡೆಯುವುದನ್ನು ಒಪ್ಪಿರಲಿಲ್ಲ. ಆದರೆ ನಂತರದ ತಲೆಮಾರಿನ ವಿದ್ವಾಂಸರು, ವಿಶೇಷವಾಗಿ ಬಲ್ಖ್ ನಗರದವರು, ಅದಕ್ಕೆ ಅನುಮತಿ ನೀಡಿದರು. ಅವರು ಕೊಟ್ಟ ಕಾರಣವನ್ನು ಮನಗಾಣಬೇಕು. ಹಿಂದೆ ಬೋಧಕರಿಗೆ ಬೈತುಲ್ ಮಾಲ್‌ನಿಂದ ನೆರವು ದೊರೆಯುತ್ತಿತ್ತು. ಕಾಲಕ್ರಮದಲ್ಲಿ ಅದು ನಿಂತುಹೋಯಿತು. ಹೊಟ್ಟೆಪಾಡಿಗಾಗಿ ಬೋಧಕರು ಬೇರೆ ವೃತ್ತಿಗಳಿಗೆ ಹೋದರೆ ವಿದ್ಯೆಯೇ ನಶಿಸುತ್ತದೆ ಎಂಬ ಆತಂಕ ಅವರನ್ನು ಕಾಡಿತು. ಬೋಧಕನ ಹಸಿವಿಗೂ ಮಗುವಿನ ಅಜ್ಞಾನಕ್ಕೂ ನಂಟಿದೆ ಎಂಬುದನ್ನು ಗುರುತಿಸಿ ಒಂದು ಮದ್‌ಹಬ್ ತನ್ನ ತೀರ್ಪನ್ನೇ ಬದಲಿಸಿಕೊಂಡಿತು.

ಬೀದರಿನ ಮದ್ರಸಾ

ಈ ಚಿಂತನೆ ದೂರದ ನಾಡುಗಳಲ್ಲೇ ಉಳಿಯಲಿಲ್ಲ. ಪರ್ಶಿಯಾದ ಗೀಲಾನ್ ಪ್ರಾಂತ್ಯದಿಂದ ಬಂದು ಬಹಮನಿ ರಾಜ್ಯದ ಪ್ರಧಾನ ಮಂತ್ರಿಯಾದ ಮಹ್ಮೂದ್ ಗವಾನ್ 1472ರಲ್ಲಿ ಬೀದರಿನಲ್ಲಿ ಮದ್ರಸಾವನ್ನು ಕಟ್ಟಿಸಿದರು. ಕೃಷ್ಣಾ ಮತ್ತು ತುಂಗಭದ್ರೆಗಳ ನಡುವಿನ ನಮ್ಮ ರಾಯಚೂರು ದೋಆಬ್ ಬಹಮನಿಗಳೂ ವಿಜಯನಗರದವರೂ ಕಾದಾಡಿದ ನೆಲ. ಸೈನಿಕರ ಹೆಜ್ಜೆಗಳ ನಡುವೆಯೂ ಆ ಕಾಲ ಇಂತಹದೊಂದು ವಿದ್ಯಾಕೇಂದ್ರವನ್ನು ಕಂಡಿತು.

ಇಂದು ಆ ಕಟ್ಟಡವನ್ನು ನೋಡಲು ಹೋಗುವವರು ಅದರ ಎತ್ತರದ ಮಿನಾರನ್ನೂ ಬಣ್ಣದ ಹೆಂಚುಗಳ ಅಲಂಕಾರವನ್ನೂ ನೋಡಿ ಬೆರಗಾಗುತ್ತಾರೆ. ನಾವು ಗಮನಿಸಬೇಕಾದುದು ಅದರ ಒಳವಿನ್ಯಾಸವನ್ನು. ಅಲ್ಲಿ ಪಾಠದ ಸಭಾಂಗಣಗಳಿವೆ, ಮಸೀದಿಯಿದೆ, ಗ್ರಂಥಾಲಯವಿತ್ತು, ವಿದ್ಯಾರ್ಥಿಗಳ ಕೊಠಡಿಗಳಿವೆ. ಅವುಗಳ ಜೊತೆಯಲ್ಲಿಯೇ ಬೋಧಕರ ವಸತಿಯೂ ಇದೆ. ಬೋಧಕರು ಎಲ್ಲಿ ವಾಸಿಸಬೇಕು ಎಂಬುದು ಕಟ್ಟಡ ಮುಗಿದ ಮೇಲೆ ಹೊಳೆದ ವಿಷಯವಾಗಿರಲಿಲ್ಲ. ಗೋಡೆ ಏಳುವ ಮೊದಲೇ ಅದು ನಕ್ಷೆಯಲ್ಲಿತ್ತು. ಇಂದು ನಮ್ಮ ಹಳ್ಳಿಗಳಲ್ಲಿ ಶಾಲೆಗೆ ಕೊಠಡಿ ಕಟ್ಟುವಾಗ, ಶೌಚಾಲಯ ಕಟ್ಟುವಾಗ, ಅಡುಗೆಕೋಣೆ ಕಟ್ಟುವಾಗ ಶಿಕ್ಷಕರ ಮನೆ ಯಾರ ನೆನಪಿಗೂ ಬರುವುದಿಲ್ಲ.

1481ರಲ್ಲಿ ಗವಾನರು ಅರಮನೆಯ ಒಳಸಂಚಿಗೆ ಬಲಿಯಾದರು. ಅವರ ನಂತರ ರಾಜ್ಯವೇ ಛಿದ್ರವಾಗತೊಡಗಿತು. ವಿದ್ಯಾಸಂಸ್ಥೆ ಒಬ್ಬ ದೊರೆಯ ಅಥವಾ ಮಂತ್ರಿಯ ಔದಾರ್ಯವನ್ನು ಮಾತ್ರ ನೆಚ್ಚಿಕೊಂಡರೆ ಅವನ ಪತನದೊಂದಿಗೆ ಬೋಧಕನ ಅನ್ನವೂ ಅಲುಗಾಡುತ್ತದೆ. ಆಸ್ತಿಯನ್ನು ಶಾಶ್ವತವಾಗಿ ಒಂದು ಸತ್ಕಾರ್ಯಕ್ಕೆ ಮುಡಿಪಾಗಿಡುವ ವಕ್ಫ್ ವ್ಯವಸ್ಥೆಯ ಅಗತ್ಯ ಇಂತಹ ಕಡೆಯೇ ಅರ್ಥವಾಗುತ್ತದೆ.

ತುಂಗಭದ್ರೆಯ ಆಚೆ ದಡದ ವರದಿ

ಆಸರೆ ತಪ್ಪಿದಾಗ ಏನಾಗುತ್ತದೆ ಎಂಬುದಕ್ಕೆ ನಮ್ಮ ನೆರೆಯಲ್ಲೇ ಲಿಖಿತ ಸಾಕ್ಷ್ಯವಿದೆ. ಮಾನ್ವಿ ತಾಲ್ಲೂಕಿನ ದಕ್ಷಿಣಕ್ಕೆ ತುಂಗಭದ್ರೆ ಹರಿಯುತ್ತದೆ. ಹೊಳೆಯ ಆಚೆಗೆ ಅಂದಿನ ಬಳ್ಳಾರಿ ಜಿಲ್ಲೆ. ಅಲ್ಲಿನ ಕಲೆಕ್ಟರ್ ಆಗಿದ್ದ ಎ.ಡಿ. ಕ್ಯಾಂಪ್‌ಬೆಲ್ 1823ರ ಆಗಸ್ಟ್‌ನಲ್ಲಿ ಮದ್ರಾಸ್ ಸರಕಾರಕ್ಕೆ ತನ್ನ ಜಿಲ್ಲೆಯ ದೇಶೀಯ ಶಾಲೆಗಳ ಬಗ್ಗೆ ಒಂದು ವರದಿಯನ್ನು ಕಳುಹಿಸಿದನು. ಅದರಂತೆ ಜಿಲ್ಲೆಯಲ್ಲಿ ಒಟ್ಟು 533 ಶಾಲೆಗಳಿದ್ದವು, 6,641 ಮಂದಿ ಕಲಿಯುತ್ತಿದ್ದರು. ಕನ್ನಡದ ಶಾಲೆಗಳು 235, ತೆಲುಗಿನವು 226, ಮರಾಠಿ ಮತ್ತು ಸಂಸ್ಕೃತದವು ತಲಾ 23, ಪಾರ್ಸಿಯವು 21 ಇದ್ದವು.

ಸಂಖ್ಯೆಗಳಿಗಿಂತ ಮಿಗಿಲಾದುದು ಆತ ನೀಡುವ ಕಾರಣ. ಜನಸಾಮಾನ್ಯರು ಬಡವರಾಗುತ್ತಿದ್ದಾರೆ, ಮಕ್ಕಳನ್ನು ಓದಿಸುವ ಖರ್ಚು ಭರಿಸಲು ಅವರಿಂದಾಗುತ್ತಿಲ್ಲ, ಹಿಂದಿನ ದೊರೆಗಳು ವಿದ್ಯೆಗೆ ನೀಡುತ್ತಿದ್ದ ನೆರವೂ ಇಲ್ಲವಾಗಿದೆ, ಆದುದರಿಂದ ಮೊದಲು ಶಾಲೆಗಳಿದ್ದ ಎಷ್ಟೋ ಹಳ್ಳಿಗಳಲ್ಲಿ ಈಗ ಶಾಲೆಗಳಿಲ್ಲ ಎಂದು ಆತ ಒಪ್ಪಿಕೊಂಡನು. ಶಾಲೆಯ ಬಾಗಿಲನ್ನು ಯಾರೂ ಬಲವಂತದಿಂದ ಮುಚ್ಚಿಸಿರಲಿಲ್ಲ. ಪಾಲಕನ ಕೈ ಬರಿದಾಯಿತು, ಸರಕಾರದ ಕೈ ಹಿಂದೆ ಸರಿಯಿತು, ನಡುವೆ ನಿಂತ ಬೋಧಕನಿಗೆ ಬದುಕುವ ದಾರಿ ಉಳಿಯಲಿಲ್ಲ.

ಜುಮೆರಾತಿಯಿಂದ ಮಾಸಿಕ ವೇತನದವರೆಗೆ

ಹಳೆಯ ಕಾಲದಲ್ಲಿ ಬೋಧಕನನ್ನು ಸಾಕುತ್ತಿದ್ದುದು ಊರು. ಕನ್ನಡದ ‘ಕೂಲಿಮಠ’ ಎಂಬ ಪದದಲ್ಲಿಯೇ ಕಲಿಸುವವನ ಕೂಲಿ ಅಡಗಿದೆ. ನಮ್ಮ ಮಕ್ತಬ್‌ಗಳಲ್ಲಿ ಮಕ್ಕಳು ಗುರುವಾರ ತರುತ್ತಿದ್ದ ಕಾಣಿಕೆಗೆ ‘ಜುಮೆರಾತಿ’ ಎಂದೇ ಹೆಸರಿತ್ತು. ಇದರಲ್ಲಿ ಆತ್ಮೀಯತೆ ಇತ್ತು, ಅಭದ್ರತೆಯೂ ಇತ್ತು. ಮಳೆ ಕೈಕೊಟ್ಟ ವರ್ಷ ಬೋಧಕನ ಮನೆಯ ಒಲೆಯೂ ತಣ್ಣಗಾಗುತ್ತಿತ್ತು.

1853ರಲ್ಲಿ ಬ್ರಿಟಿಷರ ವಶಕ್ಕೆ ಹೋಗಿದ್ದ ರಾಯಚೂರು 1860ರಲ್ಲಿ ಮರಳಿ ನಿಜಾಮರ ಆಡಳಿತಕ್ಕೆ ಸೇರಿತು. ಮುಂದಿನ ದಶಕಗಳಲ್ಲಿ ಸರಕಾರಿ ಶಾಲೆಗಳು, ಅವುಗಳೊಂದಿಗೆ ಸಂಬಳದ ಶಿಕ್ಷಕರು ಬಂದರು. ಸುಮಾರು 1920ರ ವೇಳೆಗೆ ಪಂಡಿತ ತಾರಾನಾಥರು ರಾಯಚೂರಿನಲ್ಲಿ ಸ್ಥಾಪಿಸಿದ ಶಾಲೆಗೆ ‘ಹಮ್‌ದರ್ದ್’ ಎಂದು ಹೆಸರಿಟ್ಟರು. ಹಮ್‌ದರ್ದ್ ಎಂದರೆ ನೋವಿನಲ್ಲಿ ಪಾಲುಗೊಳ್ಳುವವನು. ಮಂಗಳೂರಿನಲ್ಲಿ ಹುಟ್ಟಿದ ಕನ್ನಡದ ಪಂಡಿತರೊಬ್ಬರು ಉರ್ದುವಿನ ಈ ಪದವನ್ನು ಆರಿಸಿಕೊಂಡುದು ಈ ನಗರದ ಭಾಗ್ಯ. ಪರರ ನೋವನ್ನು ತನ್ನದೆಂದು ತಿಳಿಯುವ ಕಡೆಯೇ ವಿದ್ಯೆ ನೆಲೆಸುತ್ತದೆ ಎಂಬುದನ್ನು ಆ ಹೆಸರು ಇಂದಿಗೂ ನೆನಪಿಸುತ್ತದೆ.

1948ರ ಸೆಪ್ಟೆಂಬರ್‌ನಲ್ಲಿ ಹೈದರಾಬಾದ್ ಸಂಸ್ಥಾನ ಭಾರತದಲ್ಲಿ ವಿಲೀನವಾಯಿತು. 1956ರ ನವೆಂಬರ್ 1ರಂದು ರಾಯಚೂರು ಮೈಸೂರು ರಾಜ್ಯವನ್ನು ಸೇರಿತು. ಶಿಕ್ಷಕ ವೃತ್ತಿಗೆ ಕ್ರಮೇಣ ವೇತನ ಶ್ರೇಣಿ, ರಜೆ, ನಿವೃತ್ತಿ ವೇತನ ದೊರೆತವು. 1962ರಲ್ಲಿ ಶಿಕ್ಷಕರ ದಿನಾಚರಣೆಯೂ ಶಿಕ್ಷಕರ ಕಲ್ಯಾಣಕ್ಕಾಗಿ ರಾಷ್ಟ್ರೀಯ ಪ್ರತಿಷ್ಠಾನವೂ ಆರಂಭವಾದವು. ದಿನಾಚರಣೆ ನಮ್ಮ ನೆನಪಿನಲ್ಲಿ ಉಳಿದಿದೆ, ಕಲ್ಯಾಣದ ಮಾತು ಮರೆಗೆ ಸರಿದಿದೆ.

ದೇವದುರ್ಗ ಮತ್ತು ಮಾನ್ವಿ: ಇಂದಿನ ಸ್ಥಿತಿ

2002ರಲ್ಲಿ ಡಾ. ಡಿ.ಎಂ. ನಂಜುಂಡಪ್ಪ ಸಮಿತಿ ರಾಜ್ಯದ 39 ತಾಲ್ಲೂಕುಗಳನ್ನು ಅತ್ಯಂತ ಹಿಂದುಳಿದವು ಎಂದು ಗುರುತಿಸಿತು. ದೇವದುರ್ಗ ಮತ್ತು ಮಾನ್ವಿ ಎರಡೂ ಆ ಪಟ್ಟಿಯಲ್ಲಿದ್ದವು. 2011ರ ಜನಗಣತಿಯಲ್ಲಿ ಕರ್ನಾಟಕದ ಸಾಕ್ಷರತೆ ಶೇ. 75.36 ಇದ್ದರೆ ರಾಯಚೂರು ಜಿಲ್ಲೆಯದು ಶೇ. 59.56 ಮಾತ್ರ. ಈ ಅಂತರಕ್ಕೆ ಬಡತನ, ಗುಳೆ, ಹತ್ತಿ ಹೊಲದ ದುಡಿಮೆ ಮುಂತಾದ ಹಲವು ಕಾರಣಗಳಿವೆ. ಅವುಗಳಲ್ಲಿ ಶಿಕ್ಷಕರು ನೆಲೆ ನಿಲ್ಲದಿರುವುದೂ ಒಂದು.

2007ರ ಶಿಕ್ಷಕರ ವರ್ಗಾವಣೆ ನಿಯಂತ್ರಣ ಕಾಯಿದೆಯು ಶಾಲೆಗಳನ್ನು ಎ, ಬಿ, ಸಿ ಎಂಬ ವಲಯಗಳಾಗಿ ವಿಂಗಡಿಸಿತು. ನಗರಕ್ಕೆ ಸೇರಿದವು ಎ ವಲಯ, ದೂರದ ಹಳ್ಳಿಗಳವು ಸಿ ವಲಯ. ಸಿ ವಲಯದ ಶಾಲೆಗೆ ಬಂದ ಶಿಕ್ಷಕರು ಎ ವಲಯದತ್ತ ಕಣ್ಣಿಟ್ಟಿರುವುದು ಸಹಜ. ಅದನ್ನು ಕೇವಲ ಸ್ವಾರ್ಥವೆಂದು ತಳ್ಳಿಹಾಕುವ ಮೊದಲು ಯೋಚಿಸೋಣ. ಹಳ್ಳಿಯಲ್ಲಿ ಬಾಡಿಗೆಗೆ ಮನೆ ಸಿಗುವುದಿಲ್ಲ. ಸಿಕ್ಕರೂ ಶೌಚಾಲಯವಿರುವುದಿಲ್ಲ. ಶಿಕ್ಷಕಿಯಾದರೆ ಸುರಕ್ಷತೆಯ ಚಿಂತೆ ಬೇರೆ. ಸ್ವಂತ ಮಕ್ಕಳ ಓದಿಗಾಗಿ ಕುಟುಂಬವನ್ನು ರಾಯಚೂರು ನಗರದಲ್ಲಿಟ್ಟು ಐವತ್ತು ಕಿಲೋಮೀಟರ್ ಆಸುಪಾಸಿನ ದಾರಿಯನ್ನು ದಿನವೂ ಕ್ರಮಿಸುವವರು ಎಷ್ಟೋ ಮಂದಿ. ತಾಲ್ಲೂಕು ಕೇಂದ್ರದಲ್ಲಿ ಇಳಿದ ಮೇಲೆ ಹಳ್ಳಿಗೆ ಮತ್ತೊಂದು ಬಸ್ಸು ಅಥವಾ ಟಂಟಂ. ಬಸ್ಸಿನ ವೇಳೆಯೇ ಶಾಲೆಯ ವೇಳೆಯಾಗಿ ಬಿಡುತ್ತದೆ. ಮಗುವಿಗೆ ನಷ್ಟವಾಗುವುದು ಬೆಳಗಿನ ಮೊದಲ ಅವಧಿ ಮತ್ತು ಸಂಜೆಯ ಕೊನೆಯ ಅವಧಿ. ಓದಿನಲ್ಲಿ ಹಿಂದುಳಿದ ಮಗುವಿಗೆ ಪ್ರತ್ಯೇಕವಾಗಿ ಕಲಿಸಲು ಶಿಕ್ಷಕರಿಗೆ ಸಿಗಬಹುದಾಗಿದ್ದ ಬಿಡುವು ಅದೇ ಆಗಿತ್ತು.

2013ರಲ್ಲಿ ಜಾರಿಗೆ ಬಂದ ಸಂವಿಧಾನದ 371(ಜೆ) ವಿಧಿ ಈ ಭಾಗದ ಅಭ್ಯರ್ಥಿಗಳಿಗೆ ಉದ್ಯೋಗದಲ್ಲಿ ಮೀಸಲಾತಿ ನೀಡಿತು. ಸ್ಥಳೀಯರು ಶಿಕ್ಷಕರಾಗಿ ಇಲ್ಲಿಯೇ ಉಳಿಯುವ ಹಾದಿ ಅದರಿಂದ ಸುಗಮವಾಯಿತು. ಆದರೆ ಖಾಲಿ ಹುದ್ದೆಗಳನ್ನು ನಿಭಾಯಿಸಲು ಅತಿಥಿ ಶಿಕ್ಷಕರನ್ನು ನೆಚ್ಚಿಕೊಳ್ಳುವುದು ಮುಂದುವರಿದಿದೆ. ಖಾಯಂ ಶಿಕ್ಷಕರಿಗೆ 2024ರ ಆಗಸ್ಟ್ 1ರಿಂದ ಏಳನೆಯ ವೇತನ ಆಯೋಗದ ಶ್ರೇಣಿ ಅನ್ವಯವಾಯಿತು. 2006ರ ಏಪ್ರಿಲ್‌ನಿಂದೀಚೆಗೆ ಸೇರಿದವರಿಗೆ ಹಳೆಯ ಪಿಂಚಣಿ ಇಲ್ಲದಾದ ಕೊರಗು ಅವರಿಗೂ ಇದೆ. ಅದೇ ಶಾಲೆಯಲ್ಲಿ ಅದೇ ಪಾಠ ಮಾಡುವ ಅತಿಥಿ ಶಿಕ್ಷಕರಿಗೆ 2025-26ರ ಬಜೆಟ್‌ನಲ್ಲಿ ತಿಂಗಳಿಗೆ 2,000 ರೂಪಾಯಿ ಹೆಚ್ಚಿಸಿದ ಬಳಿಕವೂ ಸಿಗುವುದು ಖಾಯಂ ಶಿಕ್ಷಕರ ವೇತನದ ಒಂದು ಅಲ್ಪಾಂಶ. ಬೇಸಿಗೆಯಲ್ಲಿ ಅದೂ ಇಲ್ಲ. ಮುಂದಿನ ಜೂನ್‌ನಲ್ಲಿ ತಾನು ಇದೇ ಶಾಲೆಯಲ್ಲಿ ಇರುವೆನೇ ಎಂದು ತಿಳಿಯದ ಬೋಧಕ, ಮಗುವಿನ ಮುಂದಿನ ವರ್ಷದ ಕಲಿಕೆಯನ್ನು ಹೇಗೆ ಯೋಜಿಸಬಲ್ಲನು?

ನಮ್ಮ ಮಕ್ಕಳಿಗೆ ಇದರ ಪೆಟ್ಟು ಇನ್ನೂ ಹೆಚ್ಚು. ಮನೆಯಲ್ಲಿ ದಖ್ಖನಿ, ಶಾಲೆಯಲ್ಲಿ ಕನ್ನಡ. ತಾಯಿಗೆ ಕನ್ನಡದ ಓದು ಬಾರದಿದ್ದರೆ ಮಗುವಿಗೆ ಶಾಲೆಯ ಶಿಕ್ಷಕರೊಬ್ಬರೇ ಆಸರೆ. ಒಂದರಿಂದ ಮೂರನೆಯ ತರಗತಿಯ ಮಕ್ಕಳನ್ನು ಒಟ್ಟಿಗೆ ಕೂರಿಸುವ ನಲಿ-ಕಲಿ ಪದ್ಧತಿಯಲ್ಲಿ ಪ್ರತಿ ಮಗು ಯಾವ ಮೆಟ್ಟಿಲಲ್ಲಿದೆ ಎಂಬುದನ್ನು ಶಿಕ್ಷಕರು ನೆನಪಿಡಬೇಕು. ವರ್ಷದ ನಡುವೆ ಶಿಕ್ಷಕರು ಬದಲಾದರೆ ಆ ನೆನಪೇ ಅಳಿಸಿಹೋಗುತ್ತದೆ. ಹೊಸಬರು ಮೊದಲಿನಿಂದ ಆರಂಭಿಸುತ್ತಾರೆ.

ಸಂಬಳ ಹೆಚ್ಚಿದರೆ ಸಾಕೇ?

ಇಲ್ಲಿ ಒಂದು ಆಕ್ಷೇಪವನ್ನು ಎದುರಿಸಬೇಕು. ಒಳ್ಳೆಯ ಸಂಬಳ ಪಡೆಯುವವರೆಲ್ಲ ಒಳ್ಳೆಯ ಪಾಠ ಮಾಡುತ್ತಾರೆಯೇ? ಖಂಡಿತ ಇಲ್ಲ. 2003ರಲ್ಲಿ ಭಾರತದ 20 ರಾಜ್ಯಗಳ ಸುಮಾರು 3,700 ಶಾಲೆಗಳಿಗೆ ಮುನ್ಸೂಚನೆಯಿಲ್ಲದೆ ಭೇಟಿ ನೀಡಿದ ಸಂಶೋಧಕರು ಸರಕಾರಿ ಶಾಲೆಗಳ ನಾಲ್ವರಲ್ಲಿ ಒಬ್ಬ ಶಿಕ್ಷಕರು ಗೈರುಹಾಜರಾಗಿರುವುದನ್ನು ಕಂಡರು. ಹೆಚ್ಚು ಸಂಬಳದವರು ಹೆಚ್ಚು ಹಾಜರಿರುತ್ತಾರೆ ಎಂಬುದಕ್ಕೆ ಆಧಾರ ಸಿಗಲಿಲ್ಲ. ಆದರೆ ಒಳ್ಳೆಯ ಸೌಕರ್ಯವಿದ್ದ, ಡಾಂಬರು ರಸ್ತೆಗೆ ಹತ್ತಿರವಿದ್ದ, ಆಗಾಗ ತಪಾಸಣೆ ನಡೆಯುತ್ತಿದ್ದ ಶಾಲೆಗಳಲ್ಲಿ ಗೈರುಹಾಜರಿ ಕಡಿಮೆಯಿತ್ತು. ಇಂಡೋನೇಷ್ಯಾದಲ್ಲಿ ಅರ್ಹತಾಪತ್ರ ಪಡೆದ ಶಿಕ್ಷಕರ ಮೂಲ ವೇತನವನ್ನು ಇಮ್ಮಡಿಗೊಳಿಸಿದಾಗ ಅವರ ಸಂತೃಪ್ತಿ ಹೆಚ್ಚಿತು, ಹಣದ ಚಿಂತೆ ತಗ್ಗಿತು, ಎರಡನೆಯ ಉದ್ಯೋಗ ಮಾಡುವವರು ಕಡಿಮೆಯಾದರು. ಆದರೆ ಎರಡು ಮೂರು ವರ್ಷಗಳ ಬಳಿಕವೂ ಮಕ್ಕಳ ಕಲಿಕೆಯಲ್ಲಿ ಸುಧಾರಣೆ ಕಾಣಲಿಲ್ಲ.

ಇನ್ನೊಂದು ಮುಖವೂ ಇದೆ. 2017ರಲ್ಲಿ ಅಝೀಮ್ ಪ್ರೇಮ್‌ಜಿ ಫೌಂಡೇಶನ್ ಆರು ರಾಜ್ಯಗಳ 619 ಶಾಲೆಗಳಲ್ಲಿ ನಡೆಸಿದ ಅಧ್ಯಯನದಲ್ಲಿ ಕಾರಣವಿಲ್ಲದೆ ಗೈರುಹಾಜರಾದ ಶಿಕ್ಷಕರು ಶೇ. 2.5ರಷ್ಟು ಮಾತ್ರ. ಶಾಲೆಯಲ್ಲಿಲ್ಲದ ಉಳಿದವರು ರಜೆಯಲ್ಲೋ ತರಬೇತಿ ಮತ್ತಿತರ ಇಲಾಖಾ ಕೆಲಸಗಳಲ್ಲೋ ಇದ್ದರು. 2010ರ ಏಪ್ರಿಲ್‌ನಲ್ಲಿ ಜಾರಿಗೆ ಬಂದ ಶಿಕ್ಷಣ ಹಕ್ಕು ಕಾಯಿದೆಯು ಜನಗಣತಿ, ವಿಪತ್ತು ಪರಿಹಾರ ಮತ್ತು ಚುನಾವಣೆಯ ಹೊರತು ಬೇರಾವ ಶೈಕ್ಷಣಿಕೇತರ ಕೆಲಸಕ್ಕೂ ಶಿಕ್ಷಕರನ್ನು ಬಳಸಬಾರದೆಂದು ಹೇಳುತ್ತದೆ. ಮಕ್ಕಳ ಹೊತ್ತು ಮಕ್ಕಳಿಗೇ ಸಲ್ಲಬೇಕೆಂದು ಇಬ್ನ್ ಸಹನೂನ್ ಬರೆದು ಹನ್ನೊಂದು ಶತಮಾನಗಳ ನಂತರವೂ ಅದನ್ನು ಕಾಯಿದೆಯ ಮೂಲಕ ಹೇಳಬೇಕಾಗಿದೆ.

ಈ ಎಲ್ಲದರಿಂದ ತಿಳಿಯುವುದಿಷ್ಟು. ಹಣವೊಂದೇ ಪಾಠವನ್ನು ಸುಧಾರಿಸದು. ಆದರೆ ಬೋಧಕನ ಸಮಯವನ್ನು ಮತ್ತು ಮನಸ್ಸಿನ ನೆಮ್ಮದಿಯನ್ನು ಕಸಿದುಕೊಳ್ಳುವ ಪ್ರತಿಯೊಂದೂ ಮಗುವಿನಿಂದಲೇ ಕಸಿದುಕೊಳ್ಳುತ್ತದೆ. ಆದುದರಿಂದ ಕ್ಷೇಮವನ್ನು ಒದಗಿಸುವುದೂ ಹೊಣೆಯನ್ನು ಕೇಳುವುದೂ ಒಟ್ಟಿಗೆ ಸಾಗಬೇಕು. ನಮ್ಮ ಪ್ರಾಚೀನ ವಿದ್ವಾಂಸರು ವೇತನವನ್ನೂ ಕರ್ತವ್ಯವನ್ನೂ ಒಂದೇ ಗ್ರಂಥದಲ್ಲಿ ಚರ್ಚಿಸಿದುದು ಆ ಕಾರಣದಿಂದಲೇ.

ನಮ್ಮ ಅಂಗಳದಲ್ಲಿ

ಸರಕಾರವನ್ನು ಪ್ರಶ್ನಿಸುವ ಹಕ್ಕು ನಮಗಿದೆ. ಆದರೆ ಸಮುದಾಯವೇ ನಡೆಸುವ ಮಕ್ತಬ್, ಮದ್ರಸಾ ಮತ್ತು ಖಾಸಗಿ ಶಾಲೆಗಳ ಬೋಧಕರಿಗೆ ನಾವು ಕೊಡುತ್ತಿರುವುದೇನು? 2025-26ರ ಬಜೆಟ್‌ನಲ್ಲಿ ಪೇಶ್ ಇಮಾಮರ ಗೌರವಧನವನ್ನು ತಿಂಗಳಿಗೆ 6,000, ಮುಅಝ್ಝಿನ್‌ಗಳದ್ದನ್ನು 5,000 ರೂಪಾಯಿಗೆ ಏರಿಸಲಾಯಿತು. ಅದು ನೆರವೇ ಹೊರತು ಸಂಸಾರ ಸಾಗಿಸುವ ವೇತನವಲ್ಲ. ಎಷ್ಟೋ ಊರುಗಳಲ್ಲಿ ಬೆಳಿಗ್ಗೆ ಸಂಜೆ ಮಕ್ಕಳಿಗೆ ಕಲಿಸುವವರೂ ಅದೇ ಇಮಾಮರು. ಮಸೀದಿಯ ಮಿನಾರಿಗೆ, ಅಮೃತಶಿಲೆಗೆ, ದೀಪಾಲಂಕಾರಕ್ಕೆ ಲಕ್ಷಗಟ್ಟಲೆ ಚಂದಾ ಎತ್ತುವ ನಾವು, ಹಜರತರ ಸಂಬಳವನ್ನು ಒಂದು ಸಾವಿರ ಹೆಚ್ಚಿಸಬೇಕೆಂದಾಗ ಕಮಿಟಿಯ ಸಭೆಯನ್ನೇ ಮುಂದೂಡುತ್ತೇವೆ. ಕೊರೋನಾದ ದಿನಗಳಲ್ಲಿ ಖಾಸಗಿ ಶಾಲೆಗಳ ಎಷ್ಟೋ ಶಿಕ್ಷಕರು ಕೂಲಿಗೆ, ತರಕಾರಿ ವ್ಯಾಪಾರಕ್ಕೆ ಇಳಿದರು. 2021ರ ಜೂನ್‌ನಲ್ಲಿ ಸರಕಾರ ಅನುದಾನರಹಿತ ಶಾಲೆಗಳ ಶಿಕ್ಷಕರಿಗೆ ಒಮ್ಮೆ ತಲಾ 5,000 ರೂಪಾಯಿ ಘೋಷಿಸಿತು. ಅವರ ಹಿಂದೆ ಸಮುದಾಯದ ನಿಧಿಯೊಂದು ಇದ್ದಿದ್ದರೆ ಎಷ್ಟು ಮಂದಿ ಈ ವೃತ್ತಿಯಲ್ಲಿ ಉಳಿಯುತ್ತಿದ್ದರೋ!

ಮಾಡಬಹುದಾದ ಕೆಲಸಗಳು ದೊಡ್ಡವಲ್ಲ. ಮಸೀದಿ ಅಥವಾ ವಕ್ಫ್‌ಗೆ ಸೇರಿದ ಮಳಿಗೆಗಳ ಬಾಡಿಗೆಯಲ್ಲಿ, ವಕ್ಫ್‌ನ ಷರತ್ತುಗಳು ಅನುಮತಿಸುವಷ್ಟು ಪಾಲನ್ನು ಬೋಧಕರ ವೇತನಕ್ಕೆಂದು ಬೇರೆಯಾಗಿ ಇಡಬಹುದು. ಬೆವರು ಆರುವ ಮೊದಲೇ ದುಡಿದವನ ಕೂಲಿಯನ್ನು ಕೊಡಬೇಕೆಂಬ ಪ್ರವಾದಿ(ಸ)ಯವರ ಬೋಧನೆಯನ್ನು ಬೋಧಕರ ವಿಷಯದಲ್ಲೂ ಪಾಲಿಸಿ, ತಿಂಗಳ ಮೊದಲ ವಾರದಲ್ಲೇ ವೇತನ ಸಲ್ಲಿಸಬಹುದು. ಹಳ್ಳಿಯ ಶಾಲೆಗೆ ಹೊಸ ಶಿಕ್ಷಕಿ ಬಂದಾಗ, ಅವರು ಯಾವ ಧರ್ಮದವರೇ ಆಗಿರಲಿ, ಊರಿನಲ್ಲಿ ಸುರಕ್ಷಿತವಾದ ಒಂದು ಮನೆಯನ್ನು ಹುಡುಕಿಕೊಡುವುದು ನಮ್ಮ ಹಿರಿಯರಿಂದ ಸಾಧ್ಯ. ಶಾಲಾಭಿವೃದ್ಧಿ ಮತ್ತು ಮೇಲುಸ್ತುವಾರಿ ಸಮಿತಿಯಲ್ಲಿ ನಮ್ಮ ಪಾಲಕರು ಸದಸ್ಯರಾಗಬೇಕು. ಅಲ್ಲಿ ಮಕ್ಕಳ ಓದಿನ ಲೆಕ್ಕ ಕೇಳುವಾಗಲೇ ಬಸ್ಸಿನ ವೇಳೆ, ಅತಿಥಿ ಶಿಕ್ಷಕರ ಬಾಕಿ ಗೌರವಧನ, ಖಾಲಿ ಹುದ್ದೆ ಇವುಗಳ ಬಗ್ಗೆ ಕ್ಷೇತ್ರ ಶಿಕ್ಷಣಾಧಿಕಾರಿಗಳಿಗೆ ಲಿಖಿತ ಮನವಿ ಹೋಗಬೇಕು. ಶಿಕ್ಷಕರ ಪರವಾಗಿ ಪಾಲಕರು ಬರೆದ ಮನವಿಗೆ ಬೇರೆಯೇ ತೂಕವಿದೆ. ಅಂತಹ ಪಾಲಕರು ನಾಳೆ ಪಾಠದ ಬಗ್ಗೆ ಪ್ರಶ್ನಿಸಿದರೆ ಶಿಕ್ಷಕರೂ ಕಿವಿಗೊಡುತ್ತಾರೆ.

ಆದರಣೀಯ ಸಹೋದರ ಸಹೋದರಿಯರೇ, ಮುಂದಿನ ಜೂನ್‌ನಲ್ಲಿ ನಿಮ್ಮ ಮಗುವನ್ನು ಶಾಲೆಗೆ ಕಳುಹಿಸುವಾಗ ಅದರ ಪಾಟಿಚೀಲವನ್ನು ನೋಡುವುದರ ಜೊತೆಗೆ ಅದರ ಶಿಕ್ಷಕರ ಬಳಿ ಹೋಗಿ ಸಲಾಮ್ ಅಥವಾ ನಮಸ್ಕಾರ ಹೇಳಿ, ಅವರು ಎಲ್ಲಿಂದ ಬರುತ್ತಾರೆ, ಏನು ಕಷ್ಟವಿದೆ ಎಂದು ವಿಚಾರಿಸಿರಿ. ಮಕ್ಕಳಿಗೆ ಅಕ್ಷರ ನೀಡುವ ಎಲ್ಲ ಬೋಧಕರ ಬದುಕಿನಲ್ಲಿ ಅಲ್ಲಾಹನು ಬರಕತ್ ನೀಡಲಿ, ಅವರ ಹಕ್ಕನ್ನು ಸಲ್ಲಿಸುವ ಸದ್ಬುದ್ಧಿಯನ್ನು ನಮಗೆಲ್ಲ ಕರುಣಿಸಲಿ. ಆಮೀನ್.